ಬಿತ್ತನೆ ಬೀಜದ ಜಾಹೀರಾತಿಗೆ ತಲೆಬರಹ

ಬಿತ್ತನೆ ಬೀಜ, ಸಸಿ, ಬೆಲ್ಲ ಮೊದಲಾದುವನ್ನು ತಾವೇ ಮಾರಲಿಚ್ಛಿಸುವ ಬೇಸಾಯಗಾರರೂ ಸಹಕಾರ ಸಂಘಗಳೂ ಪತ್ರಿಕೆಗಳಲ್ಲಿ ಜಾಹೀರಾತು ಕೊಡುವುದುಂಟು; ಸಂತೆಗಳಲ್ಲಿ ಕರಪತ್ರ ಹಂಚುವುದೂ ಉಂಟು. ಇಂತಹವುಗಳಲ್ಲಿ ಅನೇಕವು ಮಾರುವವರ ಹೆಸರನ್ನು ದಪ್ಪಕ್ಷರದಲ್ಲಿ ಮೇಲಿಟ್ಟು, ಅದರಡಿಯಲ್ಲಿ ‘ಉತ್ತಮ ಬೀಜಗಳು ದೊರೆಯುತ್ತವೆ’ ಎಂಬುದರೊಡನೆ ತೃಪ್ತಿಪಡುವುವು. ಓದುವವನು ಅರಸುವುದಾದರೋ ಮಾರುವವನ ಹೆಸರನ್ನಲ್ಲ, ತನ್ನ ಹೊಲಕ್ಕಾಗುವ ಪ್ರಯೋಜನವನ್ನು.

ತಲೆಬರಹದ ಬಲವನ್ನು ಲೆಕ್ಕವಿಟ್ಟು ಪರೀಕ್ಷಿಸಿದವರಲ್ಲಿ ಅಮೆರಿಕದ ಕಾನ್ಸಾಸ್ ಸಂಸ್ಥಾನದ ಗಿರಾರ್ಡ್ ಪಟ್ಟಣದ ಪ್ರಕಾಶಕ ಹಾಲ್ಡ್‌ಮನ್-ಜೂಲಿಯಸ್ ಎಂಬಾತನು ಗಮನಾರ್ಹನು. 1920ರ ದಶಕದಲ್ಲಿ ಈತನು ಐದು ಸೆಂಟು ಬೆಲೆಯ ಕಿರುಹೊತ್ತಗೆಗಳನ್ನು ಅಂಚೆಯ ಮೂಲಕ ಮಾರುತ್ತಿದ್ದನು. ಆತನ ಜಾಹೀರಾತೆಂದರೆ ಬಹುಮಟ್ಟಿಗೆ ಪುಸ್ತಕಗಳ ಹೆಸರುಗಳ ಪಟ್ಟಿಯೇ; ಆದಕಾರಣ ಹೆಸರೇ ತಲೆಬರಹವಾಗಿದ್ದಿತು. ವರ್ಷಕ್ಕೆ 10,000 ಪ್ರತಿ ವಿಕ್ರಯವಾಗದ ಪುಸ್ತಕವನ್ನು ತನ್ನ ‘ಆಸ್ಪತ್ರೆ’ಗೆ ಸೇರಿಸಿ, ಹಲವು ವೇಳೆ ಹೆಸರನ್ನೇ ಬದಲಾಯಿಸಿ ನೋಡುತ್ತಿದ್ದನು. ಷೋಪೆನ್‌ಹೌವರನ ‘ವಾದಕಲೆ’ಯನ್ನು ಕೇಳುವವರು ವಿರಳವಾಗಿದ್ದರು, ಅದನ್ನು ‘ತರ್ಕಬದ್ಧವಾಗಿ ವಾದಿಸುವುದು ಹೇಗೆ’ ಎಂದು ಕರೆದೊಡನೆ ವರ್ಷಕ್ಕೆ 30,000 ಪ್ರತಿಗಳು ಮಾರಾಟವಾದುವು. ಗೋತಿಯೇ ಎಂಬ ಫ್ರೆಂಚ್ ಲೇಖಕನ ‘ಹೊನ್ನಿನ ತುಪ್ಪಟ’ವು 1925ರಲ್ಲಿ 6,000 ಪ್ರತಿ ಮಾತ್ರ ಹೋಗಿದ್ದು, 1926ರಲ್ಲಿ ‘ಹೊಂಗೂದಲ ಪ್ರೇಯಸಿಯ ಅನ್ವೇಷಣೆ’ ಎಂಬ ಹೆಸರಿನಿಂದ 50,000 ಹೋಯಿತು.

ಈ ಎರಡರಲ್ಲಿ ನಮಗೆ ಮಾದರಿಯಾಗತಕ್ಕುದು ಮೊದಲನೆಯದು. ಅದು ಕೊಳ್ಳುವವನಿಗೆ ದೊರೆಯುವ ಉಪಯೋಗವನ್ನು ನೇರವಾಗಿ ತಿಳಿಸುವುದು. ಎರಡನೆಯದು ಕುತೂಹಲವನ್ನು ಕೆರಳಿಸುವುದು. ಕಥೆಯಲ್ಲಿ ಅಂತಹ ಅನ್ವೇಷಣೆ ಇದ್ದೇ ಇರುವುದರಿಂದ ಸುಳ್ಳೆನ್ನಲಾಗದು. ಓದಿ ನಿರಾಶನಾದವನಿಗೂ ನಷ್ಟ ಐದು ಸೆಂಟು ಮಾತ್ರ. ಬೀಜದ ಮಾತು ಹಾಗಲ್ಲ. ತಲೆಬರಹ ಸುಳ್ಳೆಂಬುದು ರೈತನಿಗೆ ಗೊತ್ತಾಗುವ ವೇಳೆಗೆ ಹದಮಳೆ ಕಳೆದು, ಉಳುಮೆಯ ಕೂಲಿಯೂ ಗೊಬ್ಬರವೂ ಮಣ್ಣುಪಾಲಾಗಿ, ಆ ವರ್ಷದ ಹಿಟ್ಟಿಗೇ ಸಂಚಕಾರ ಬಂದಿರುವುದು.

ಆದುದರಿಂದ ‘ಅದ್ಭುತ ರಾಗಿ! ಇಮ್ಮಡಿ ಇಳುವರಿ!’ ಎಂದು ಬರೆಯಲಾಗದು. ಇಳುವರಿಯು ಮಳೆಗೂ ಮಣ್ಣಿಗೂ ಅಧೀನವಾದುದು. ಮಾರುವವನು ಅದಕ್ಕೆ ಹೊಣೆಯಾಗಲಾರನು. ಮೊಳಕೆಗೆ ಹೊಣೆಯಾಗಬಲ್ಲನು. ನೂರು ನೂರರಂತೆ ನಾಲ್ಕು ಸಾರಿ ಕಾಳುಗಳನ್ನೆಣಿಸಿ ಒದ್ದೆ ಬಟ್ಟೆಯಲ್ಲಿಟ್ಟು, ಎಂಟು ದಿನ ನೋಡಿ ಸರಾಸರಿ ತೆಗೆದು, 85 ಬಂದಿತೆನ್ನಿ: ‘ನೂರಕ್ಕೆ 85 ಮೊಳೆತ ರಾಗಿ ಬೀಜ, ಕಳೆದ ತಿಂಗಳು ಪರೀಕ್ಷಿಸಿದ್ದು’. ಇದರಲ್ಲಿ ಆಡಂಬರವಿಲ್ಲ, ಆದರೆ ಮುಂಗಾರಿಗೆ ಬೀಜ ಹುಡುಕುವವನ ಕಣ್ಣು ಇಲ್ಲಿಯೇ ನಿಲ್ಲುವುದು. ಪ್ರಮಾಣಿತ ರಾಗಿ ಬೀಜಕ್ಕೆ ಮೊಳಕೆಯ ಕನಿಷ್ಠ ಮಿತಿ ನೂರಕ್ಕೆ 75 ಎಂಬುದನ್ನು ಒಳಗೆ ಹೇಳಿದರೆ ಆ ಅಂಕಿಯ ಬೆಲೆ ಓದುವವನಿಗೆ ತಾನಾಗಿ ಅರ್ಥವಾಗುವುದು. ಊರು, ದರ, ಮಾರುವವರ ಹೆಸರು ಕೆಳಗಿರಲಿ.

ಎರಡು ತಲೆಬರಹಗಳಲ್ಲಿ ಯಾವುದು ಮೇಲೆಂಬ ಸಂದೇಹ ಬಂದರೆ ಚರ್ಚೆಯಿಂದ ಫಲವಿಲ್ಲ. ತಳಿಗಳನ್ನು ಹೋಲಿಸುವಾಗ ಒಂದೇ ಹೊಲ, ಒಂದೇ ಗೊಬ್ಬರ, ಒಂದೇ ದಿನದ ಬಿತ್ತನೆ ಇರಬೇಕೆಂಬುದನ್ನು ಬಲ್ಲಿರಷ್ಟೆ. ಅದೇ ರೀತಿಯಲ್ಲಿ ಒಕ್ಕಣೆಯನ್ನೂ ದರವನ್ನೂ ಬದಲಿಸದೆ, ತಲೆಬರಹವೊಂದನ್ನೇ ಬೇರೆಮಾಡಿ ಎರಡು ಬಗೆಯ ಕರಪತ್ರಗಳನ್ನು ಅಚ್ಚುಹಾಕಿಸಿ, ಮೂಲೆಯಲ್ಲಿ ಬೇರೆ ಬೇರೆ ಗುರುತಿಡಿಸಿರಿ. ಒಂದೇ ಸಂತೆಯಲ್ಲಿ ಒಂದನ್ನು ಬಿಟ್ಟು ಒಂದರಂತೆ ಹಂಚಿ, ಕರಪತ್ರ ತಂದವರಿಗೆ ಸೇರಿಗಿಷ್ಟೆಂದು ಸೋಡಿ ಕೊಟ್ಟಲ್ಲಿ, ಹಿಂದಿರುಗಿದ ಗುರುತುಗಳನ್ನು ಎಣಿಸಬಹುದು. ಹಿಂದಿರುಗಿದವು ಹತ್ತು ಹನ್ನೆರಡು ಮಾತ್ರವಾದರೆ ಅದರಿಂದ ಏನನ್ನೂ ನಿರ್ಧರಿಸದೆ, ಮುಂದಿನ ಸಂತೆಯಲ್ಲಿಯೂ ಹಂಚತಕ್ಕದ್ದು.