ಹೆದರಿ ಬಿಟ್ಟವರು, ಹೆದರಿ ಸೇದಿದವರು

ಕೊರೊನಾ ಕಾಲದಲ್ಲಿ ಜಿಲ್ಲಾ ಆಸ್ಪತ್ರೆಯೊಂದರ ತಂಬಾಕು ವ್ಯಸನಮುಕ್ತಿ ಕೇಂದ್ರದಲ್ಲಿ ಆಪ್ತಸಮಾಲೋಚಕನಾಗಿ ಕೂತು ಕಲಿತದ್ದು ಇಷ್ಟು.

1. ಹೆದರಿಕೆ ಎರಡೂ ಕಡೆಗೆ ಎಳೆಯುತ್ತದೆ. “ಉಸಿರಿಗೇ ಬರೋ ಕಾಯಿಲೆಯಂತೆ, ಇನ್ನು ಮುಟ್ಟಲ್ಲ ಸಾರ್” ಅಂದವರಿದ್ದರು. “ಟೆನ್ಷನ್ ತಡೆಯೋಕಾಗ್ತಿಲ್ಲ, ಐದಿದ್ದದ್ದು ಹತ್ತಾಯ್ತು” ಅಂದವರೂ ಇದ್ದರು. ಮೊದಲಿನವರ ಭಯ ಸೋಂಕಿನದು, ಎರಡನೆಯವರದು ನಿಂತ ಸಂಬಳದ್ದು, ಸಾಲದ ಕಂತಿನದು. ಇಬ್ಬರಿಗೂ ಶ್ವಾಸಕೋಶದ ಚಿತ್ರ ತೋರಿಸಿದರೆ ಎರಡನೆಯವನು ಆಚೆ ಹೋಗಿ ಇನ್ನೊಂದು ಹಚ್ಚುತ್ತಾನೆ. ಎಷ್ಟು ಸೇದುತ್ತೀರಿ ಎನ್ನುವ ಮೊದಲು ಏನು ಚಿಂತೆ ಎಂದು ಕೇಳಬೇಕು.

2. ಸಿಗದೆ ಬಿಟ್ಟದ್ದನ್ನು ಬಿಟ್ಟ ಲೆಕ್ಕಕ್ಕೆ ಹಿಡಿಯಬಾರದು. 2020ರ ಮಾರ್ಚ್ 25ರಿಂದ ಲಾಕ್‌ಡೌನ್. ಬೀಡಾ ಅಂಗಡಿಗಳು ಬಂದ್, ಬ್ಲ್ಯಾಕಿನಲ್ಲಿ ಬೀಡಿ ಕಟ್ಟಿಗೆ ದುಪ್ಪಟ್ಟು ದರ. ನಿಕೋಟಿನ್ ತಪ್ಪಿದಾಗಿನ ಸಿಡಿಮಿಡಿ, ನಿದ್ದೆಗೇಡು ಮೊದಲ ವಾರ ಜೋರಾಗಿದ್ದು ಕೆಲವು ವಾರಗಳಲ್ಲಿ ತಗ್ಗುತ್ತವೆ. ಅಷ್ಟನ್ನೂ ದಾಟಿದವರೇ ಅಂಗಡಿ ಬಾಗಿಲು ತೆರೆದ ದಿನ ಸಾಲಿನಲ್ಲಿ ನಿಂತಿದ್ದರು.

3. ಆಕ್ಸಿಮೀಟರ್ ಸುಳ್ಳು ಧೈರ್ಯ ಕೊಡುತ್ತದೆ. 2021ರ ಎರಡನೇ ಅಲೆಯ ಹೊತ್ತಿಗೆ ಅದು ಮನೆಮನೆಗೆ ಬಂದಿತ್ತು. ಲಾರಿ ಚಾಲಕರೊಬ್ಬರು ಜೇಬಿನಿಂದಲೇ ತೆಗೆದು, ಬೀಡಿಯ ಕಲೆ ಹಿಡಿದ ತೋರುಬೆರಳಿಗೆ ಸಿಕ್ಕಿಸಿ, “ನೋಡಿ, 97. ನಂದೇನೂ ಕೆಟ್ಟಿಲ್ಲ” ಎಂದರು. ಹೊಗೆಯ ಕಾರ್ಬನ್ ಮಾನಾಕ್ಸೈಡು ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬೆರಳಿಗೆ ಸಿಕ್ಕಿಸುವ ಈ ಯಂತ್ರಕ್ಕೆ ಅದೂ ಇದೂ ಬೇರೆಯೆಂದು ತಿಳಿಯುವುದಿಲ್ಲ, ಎರಡನ್ನೂ ಆಮ್ಲಜನಕದ ಖಾತೆಗೇ ಜಮಾ ಮಾಡುತ್ತದೆ. ಅವರ 97ರೊಳಗೆ ಹೊಗೆಯ ಪಾಲೂ ಇತ್ತು. ಇದನ್ನು ಒಪ್ಪಿಸಲು ನಮ್ಮಲ್ಲಿದ್ದ ಒಳ್ಳೆಯ ಸಾಧನ ಊದಿಸಿ ನೋಡುವ ಕಾರ್ಬನ್ ಮಾನಾಕ್ಸೈಡ್ ಮೀಟರು. ಒಂದೆರಡು ದಿನ ಬಿಟ್ಟರೆ ಸಾಕು, ಅಂಕಿ ಕಣ್ಣೆದುರಿಗೇ ಇಳಿದಿರುತ್ತದೆ. ಆದರೆ ಎಲ್ಲರೂ ಊದುವ ಯಂತ್ರವಾದ್ದರಿಂದ ಸೋಂಕಿನ ಭಯಕ್ಕೆ ಅದನ್ನೇ ಬೀರುವಿಗೆ ಸೇರಿಸಿದ್ದೆವು!

4. ಜನ ತಮಗೆ ಬೇಕಾದ ಸುದ್ದಿಯನ್ನೇ ನಂಬುತ್ತಾರೆ. 2020ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಕೆಲವು ಸಂಶೋಧಕರು, ನಿಕೋಟಿನ್ ಸೋಂಕನ್ನು ತಡೆಯಬಹುದೇನೋ ಎಂದು ಊಹೆ ಮಂಡಿಸಿದರು. ಜನ ಮುಗಿಬಿದ್ದಾರೆಂದು ಅಲ್ಲಿನ ಸರ್ಕಾರ ನಿಕೋಟಿನ್ ಪಟ್ಟಿಗಳ ಮಾರಾಟಕ್ಕೆ ಮಿತಿ ಹಾಕಿತು. ನಮ್ಮ ವಾಟ್ಸ್ಆ್ಯಪ್‌ಗೆ ಬರುವಷ್ಟರಲ್ಲಿ ಅದು “ಸೇದೋರಿಗೆ ಕೊರೊನಾ ಬರಲ್ಲ” ಎಂದಾಗಿತ್ತು. ಸೇದುವವರಿಗೆ ಸೋಂಕು ತಗುಲಿದರೆ ತೀವ್ರವಾಗುವ ಸಂಭವ ಹೆಚ್ಚು ಎಂದು ಮೇ 11ರಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಅದನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ. ಬರುತ್ತೋ ಇಲ್ಲವೋ ಎಂಬ ವಾದಕ್ಕೆ ಇಳಿಯದೆ, ಬಂದರೆ ನಿಮ್ಮ ಉಸಿರು ತಡೆದೀತೇ ಎಂದು ಕೇಳುವುದು ಮೇಲು.

5. ದೂರದ ಕ್ಯಾನ್ಸರ್‌ಗಿಂತ ಪಕ್ಕದವನ ಎಂಜಲು ದೊಡ್ಡದು. ಆಟೊ ಸ್ಟ್ಯಾಂಡಿನಲ್ಲಿ ಒಂದೇ ಬೀಡಿ ಮೂರು ಬಾಯಿಗೆ ಹೋಗುತ್ತಿತ್ತು. ಪ್ಯಾಕಿನ ಮೇಲಿನ ಚಿತ್ರಕ್ಕೆ ವರ್ಷಗಟ್ಟಲೆ ಜಗ್ಗದವರು ಅದನ್ನು ಒಂದೇ ವಾರದಲ್ಲಿ ನಿಲ್ಲಿಸಿದರು. ನಮಗೆ ಖುಷಿಯೋ ಖುಷಿ. ಆಮೇಲೆ ನೋಡಿದರೆ ಒಬ್ಬೊಬ್ಬರ ಜೇಬಿನಲ್ಲೂ ಒಂದೊಂದು ಕಟ್ಟು! ಹಂಚಿಕೊಳ್ಳುವುದು ನಿಂತು ಸೇದುವುದು ಹೆಚ್ಚಿತ್ತು.

6. ವರ್ಕ್ ಫ್ರಮ್ ಹೋಮ್‌ನವರದು ಬೇರೆ ಕಥೆ. ಹೆಂಡತಿ ಮಕ್ಕಳಿಗೆ ಗೊತ್ತಾಗದಂತೆ ಟೆರೇಸಿಗೆ ಹತ್ತಿದರು, ಹತ್ತುವುದು ಬೇಜಾರಾಗಿ ಕೆಲವರು ಬಿಟ್ಟರು. ಕಾರಣ ಅಷ್ಟು ಸಣ್ಣದಾದರೂ ಸಾಕು, ಮೂಗು ಮುರಿಯಬೇಡಿ.

7. ಕೇಸು ಇಳಿದಂತೆ ಭಯವೂ ಇಳಿಯುತ್ತದೆ. ಆದ್ದರಿಂದ ಬಿಡುವ ದಿನ ಗೊತ್ತುಮಾಡುವಾಗಲೇ ಮುಂದಿನ ಫೋನಿನ ತಾರೀಕುಗಳನ್ನೂ ಬರೆದುಕೊಳ್ಳಬೇಕು. ನಿಕೋಟಿನ್ ಗಮ್ ಕೊಡುವುದಾದರೆ ಚಾಕಲೇಟಿನಂತೆ ಜಗಿದು ನುಂಗಬಾರದು, ಸ್ವಲ್ಪ ಅಗಿದು ಕೆನ್ನೆಯೊಳಗೆ ಒತ್ತಿಡಬೇಕು ಎಂದು ಎದುರಿಗೇ ಮಾಡಿಸಿ ನೋಡಿ. ಬಿಕ್ಕಳಿಕೆ ಬಂತೆಂದು ಅದನ್ನು ಎಸೆದು ಮತ್ತೆ ಬೀಡಿ ಹಿಡಿದವರು ನಮ್ಮಲ್ಲಿ ಕಡಿಮೆಯಿಲ್ಲ.