201ನೇ ಯೂನಿಟ್ಟಿನ ಪಫ್

ಓವನ್ ತರಲು ನಾವು ಹೇಳಿಕೊಂಡ ಕಾರಣ ಮಗಳ ಡಬ್ಬಿ. ಅವಳು ಸ್ಕೂಲಿಗೆ ಒಯ್ಯುತ್ತಿದ್ದ ಸ್ವಿಸ್ ರೋಲಿನ ಪ್ಯಾಕೆಟ್ ತಿರುಗಿಸಿ ಓದಿದರೆ ಸಕ್ಕರೆ, ಮೈದಾ, ತಾಳೆ ಎಣ್ಣೆ, ಅದರ ಹಿಂದೆ ಐಎನ್‌ಎಸ್ ನಂಬರುಗಳ ಸಾಲು. ತಿಂಗಳುಗಟ್ಟಲೆ ಕೆಡಲೂಬಾರದು, ಗಟ್ಟಿಯಾಗಲೂಬಾರದು ಅಂದರೆ ಅಷ್ಟೆಲ್ಲ ಹಾಕಲೇಬೇಕು. ರೋಲು 10 ರೂಪಾಯಿ, ಮೈಸೂರಿನ ನಮ್ಮ ಬೀದಿಯ ಬೇಕರಿಯಲ್ಲಿ ವೆಜ್ ಪಫ್ 20. ಎರಡನ್ನೂ ಬಿಡಿಸಿ ಮನೆಯಲ್ಲೇ ಮಾಡಿಕೊಡೋಣ ಅಂತ 12,000 ರೂಪಾಯಿಯ ಓಟಿಜಿ ಬಂತು, ಆರು ತಿಂಗಳ ನೋ ಕಾಸ್ಟ್ ಇಎಂಐ ಮೇಲೆ.

ಈ ನೋ ಕಾಸ್ಟ್ ಅನ್ನುವ ಹೆಸರು ಕೇಳಿದರೇ ನನಗೆ ರೇಗುತ್ತದೆ. ಸೊನ್ನೆ ಬಡ್ಡಿ ಅನ್ನುವುದು ಇಲ್ಲವೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಸ್ಕೀಮು ಹೋಗಲಿಲ್ಲ, ಬೋರ್ಡು ಬದಲಾಯಿತು. ಈಗ ಬಡ್ಡಿಯಷ್ಟು ಹಣವನ್ನು ಬೆಲೆಯಲ್ಲಿ ಮೊದಲೇ ಇಳಿಸಿದ ಹಾಗೆ ತೋರಿಸುತ್ತಾರೆ, ಬ್ಯಾಂಕು ಅದನ್ನೇ ಬಡ್ಡಿ ಅಂತ ಹಿಡಿದುಕೊಳ್ಳುತ್ತದೆ. ನನಗೆ ಶೇ 15ರಂತೆ ಬಡ್ಡಿ 508 ರೂಪಾಯಿ. ಅದು ವಜಾ ಆಯಿತು ಅನ್ನೋಣ. ಆ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ 91 ರೂಪಾಯಿ ಮಾತ್ರ ನಮ್ಮ ತಲೆಗೇ. ಪ್ರೊಸೆಸಿಂಗ್ ಫೀ 199, ಜಿಎಸ್‌ಟಿ ಸೇರಿ 235. ಕೌಂಟರಿನ ಹುಡುಗ "ಕ್ಯಾಶ್ ಆದ್ರೆ 600 ಬಿಡ್ತೀವಿ ಮೇಡಂ" ಅಂದಿದ್ದ, ಅದೂ ಬಿಟ್ಟುಹೋಯಿತು. ಕೂಡಿಸಿದರೆ 926. ಕಾಸ್ಟ್ ಇಲ್ಲ ಅನ್ನುವುದರ ಕಾಸ್ಟು!

ಇನ್ನು ಪಫ್‌ನ ಲೆಕ್ಕ. ಓವನ್ 12,000, ಮೇಲಿನ ತೆರಿಗೆ ಮತ್ತು ಫೀ 326, ತಟ್ಟೆ, ಡಿಜಿಟಲ್ ತಕ್ಕಡಿ, ಬೀಟರ್ ಎಲ್ಲ ಸೇರಿ 1,874. ಒಟ್ಟು 14,200. ಐದು ವರ್ಷ ಬಾಳುತ್ತದೆ ಅಂತಿಟ್ಟುಕೊಳ್ಳಿ. ವಾರಕ್ಕೊಂದು ತಟ್ಟೆ, ತಟ್ಟೆಗೆ 12 ಪಫ್ ಆದರೆ 3,120 ಪಫ್. ಒಂದೊಂದರ ಮೇಲೆ ಯಂತ್ರದ ಪಾಲು ನಾಲ್ಕೂವರೆ ರೂಪಾಯಿ. ಒಳಗಿನ ಸಾಮಾನಿಗೆ ಬನ್ನಿ: ಹಿಟ್ಟು ಕಾಲು ಕೆಜಿ 15 ರೂಪಾಯಿ, ಬೆಣ್ಣೆ 200 ಗ್ರಾಂ 116, ತರಕಾರಿ, ಮಸಾಲೆ 40, ಕರೆಂಟು 7. ಒಟ್ಟು 178, ಪಫ್‌ಗೆ ಹತ್ತಿರ ಹತ್ತಿರ 15. ಎರಡೂ ಸೇರಿ ಹತ್ತೊಂಬತ್ತೂವರೆ. ಬೇಕರಿಯವನಿಗಿಂತ ಎಂಟಾಣೆ ಉಳಿತಾಯ, ನಮ್ಮ ಕೂಲಿ ಹಿಡಿಯದೆ.

ಅದೂ ವಾರವಾರ ಮಾಡಿದರೆ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಅನ್ನುವ ಗಾದೆ ಓವನ್ನಿಗೆ ಹೇಳಿ ಮಾಡಿಸಿದ್ದು. ತಿಂಗಳಿಗೊಂದು ತಟ್ಟೆಗೆ ಇಳಿದರೆ ಐದು ವರ್ಷಕ್ಕೆ 720 ಪಫ್, ಯಂತ್ರದ ಪಾಲೇ 20 ರೂಪಾಯಿ ಹತ್ತಿರ, ಪಫ್ 35ಕ್ಕೆ ಬಂತು. ಈ ನಡುವೆ 2025ರ ಸೆಪ್ಟೆಂಬರ್ 22ರಿಂದ ಕೇಕು, ಬಿಸ್ಕತ್ತು, ಪೇಸ್ಟ್ರಿಗಳ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿಯಿತು. ಬೆಣ್ಣೆಯದೂ 12ರಿಂದ 5ಕ್ಕೆ ಬಂತು, ಸರಿ. ಓವನ್ನಿನದು ಇದ್ದಲ್ಲೇ ಇದೆ.

ದುಡ್ಡು ಹೋಗಲಿ, ಆರೋಗ್ಯ? 200 ಗ್ರಾಂ ಬೆಣ್ಣೆಯಲ್ಲಿ ಕೊಬ್ಬು 160 ಗ್ರಾಂ, ಪಫ್‌ಗೆ 13 ಗ್ರಾಂ. ಏಪ್ರಿಲ್ ತಿಂಗಳಲ್ಲಿ ಲಟ್ಟಿಸಲು ಕೂತರೆ ಮೂರನೇ ಮಡಿಕೆಗೇ ಬೆಣ್ಣೆ ಹಿಟ್ಟಿನಿಂದ ಜಿನುಗಿ ಲಟ್ಟಣಿಗೆಗೆ ಮೆತ್ತುತ್ತದೆ. ಮತ್ತೆ ಫ್ರಿಜ್ಜು, ಮತ್ತೆ ಅರ್ಧ ಗಂಟೆ. ಪದರ ಏಳುವ ಬದಲು ತಟ್ಟೆಯಲ್ಲೇ ತುಪ್ಪ ಕಾದಂತೆ ಕಾಯುತ್ತದೆ. ಬೇಕರಿಯವರು ಮಾರ್ಗರೀನ್ ಹಾಕುವುದು ಅಗ್ಗ ಅಂತ ಮಾತ್ರವಲ್ಲ, ಅದು ಬೆಣ್ಣೆಗಿಂತ ಹೆಚ್ಚು ಬಿಸಿಗೆ ಕರಗುತ್ತದೆ ಅಂತ. ತಿಂದ ಮೇಲೆ ಅಂಗುಳಕ್ಕೆ ಅಂಟುವ ಮೇಣದಂಥ ಜಿಡ್ಡೂ ಅದರದ್ದೇ. ಅದರ ಟ್ರಾನ್ಸ್ ಫ್ಯಾಟಿಗೆ 2022ರ ಜನವರಿಯಿಂದ ಎಫ್‌ಎಸ್‌ಎಸ್‌ಎಐ ಶೇ 2ರ ಮಿತಿ ಹಾಕಿದೆ. ಮನೆಯಲ್ಲಿ ಮಾಡಿದ್ದು ಅಂದಮಾತ್ರಕ್ಕೆ ಪಫ್ ಪಥ್ಯವಾಗುವುದಿಲ್ಲ.

ಓವನ್ ಮಾರಿಬಿಡಿ ಅನ್ನುವುದಿಲ್ಲ, ನಾನೂ ಮಾರಿಲ್ಲ. ಪಫ್ ಬಿಟ್ಟೆ. ಈಗ ಬೇಯುವುದು ಕರ್ಜಿಕಾಯಿ: ಗೋಧಿ ಹಿಟ್ಟಿಗೆ ಒಂದು ಹಿಡಿ ಚಿರೋಟಿ ರವೆ, 60 ಗ್ರಾಂ ತುಪ್ಪ, ಒಳಗೆ ಕೊಬ್ಬರಿ, ಹುರಿಗಡಲೆ, ಬೆಲ್ಲ, ಏಲಕ್ಕಿ. 20 ಆಗುತ್ತವೆ, ಒಂದಕ್ಕೆ ಐದಾರು ರೂಪಾಯಿ, ಕೊಬ್ಬು ಪಫ್‌ನ ಅರ್ಧ. ಡಬ್ಬಿಯಲ್ಲಿ ವಾರವಿಟ್ಟರೂ ಕೆಡುವುದಿಲ್ಲ. "ಅಮ್ಮಾ, ಇದು ಸ್ವಿಸ್ ರೋಲ್ ಅಲ್ಲ" ಅಂದಳು ಮಗಳು. ಅಲ್ಲ, ನಿಜ. ಡಬ್ಬಿಯೇನೋ ಖಾಲಿಯಾಗಿ ಬರುತ್ತಿದೆ.

ಕೊಳ್ಳುವ ಯೋಚನೆಯಲ್ಲಿರುವವರು ಮೂರು ತಿಂಗಳು ಕುಕ್ಕರಿನ ತಳಕ್ಕೆ ಉಪ್ಪು ಹಾಸಿ ಕೇಕು ಬೇಯಿಸಿ ನೋಡಿ. ಆಮೇಲೂ ಉತ್ಸಾಹ ಉಳಿದಿದ್ದರೆ ಅಂಗಡಿಗೆ ಹೋಗಿ. ನಮ್ಮಲ್ಲಿ ರೂಢಿಗಿಂತ ಮೊದಲು ಸಾಮಾನು ಬರುತ್ತದೆ, ಜ್ಯೂಸರೂ ಹಾಗೆಯೇ ಬಂದದ್ದು, ಏರ್ ಫ್ರೈಯರೂ ಹಾಗೆಯೇ.

ಹೋಗುವ ಮುನ್ನ ಕರೆಂಟ್ ಬಿಲ್ಲನ್ನೂ ತೆಗೆದು ನೋಡಿ. ಗೃಹಜ್ಯೋತಿಯಲ್ಲಿ ನಮ್ಮ ಮನೆಗೆ 160 ಯೂನಿಟ್ ಸರಾಸರಿ, ಶೇ 10 ಸೇರಿ 176 ಉಚಿತ. ಅಲ್ಲಿಂದ 200ರವರೆಗೆ ಹೆಚ್ಚಾದಷ್ಟಕ್ಕೆ ಮಾತ್ರ ದುಡ್ಡು, ಅಂದರೆ ಬಹಳ ಅಂದರೆ 168 ರೂಪಾಯಿ. 200 ದಾಟಿತೋ, ಪೂರ್ತಿ ಬಿಲ್ಲು ನಮ್ಮದೇ: ಯೂನಿಟ್ಟಿಗೆ ಸುಮಾರು 7 ರೂಪಾಯಿ, ಮೇಲೆ ನಿಗದಿತ ಶುಲ್ಕ, ಸಾವಿರದ ಎಂಟುನೂರರ ಆಸುಪಾಸು. ಮೀಟರ್ ನೋಡಿಯೇ ಹೇಳುತ್ತಿದ್ದೇನೆ, ಒಂದು ತಟ್ಟೆ ಬೇಯಲು ಒಂದು ಯೂನಿಟ್. ಡಿಸೆಂಬರಿನಲ್ಲಿ ಗೀಸರ್ ಓಡಿ 200 ಮುಟ್ಟಿದ ಮೇಲೆ ಇಟ್ಟ ತಟ್ಟೆಗೆ ಕರೆಂಟು 7 ಅಲ್ಲ, 1,632. ಪಫ್‌ಗೆ 136. ಹಾಗಾಗಿ ರೀಡಿಂಗಿಗೆ ವಾರವಿರುವಾಗ ನಮ್ಮ ಮೀಟರ್ 200 ದಾಟುವ ಹಾಗೆ ಕಂಡರೆ ಓವನ್ನಿನ ಪ್ಲಗ್ ತೆಗೆಯುತ್ತೇವೆ. ಆ ವಾರ ಗ್ಯಾಸಿನ ಮೇಲೆ ಪಡ್ಡಿನ ಹಂಚು, ರಾಗಿ ಹಿಟ್ಟು, ಬಾಳೆಹಣ್ಣು, ಬೆಲ್ಲ. ಅದು ಕೇಕೇ ಅಂತ ಮಗಳಿಗೆ ಹೇಳಿದ್ದೇವೆ.