ಹಿಂಜೆವಾಡಿಯ ಆಚೆಗೂ ನೋಡಿ

ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಬಿ.ಇ. ಮುಗಿಸಿ ಪುಣೆಗೆ ಬರುವ ತಮ್ಮ-ತಂಗಿಯರೇ, ಹಿಂಜೆವಾಡಿಯ ಐಟಿ ಕಂಪನಿಗಳಿಗೆ ಅರ್ಜಿ ಹಾಕುವುದು ಇದ್ದೇ ಇದೆ. ನಡುವೆ ಬಿಡುವು ಮಾಡಿಕೊಂಡು ನಾರಾಯಣಗಾಂವ್ ಹತ್ತಿರದ ಖೋಡದ್ ಕಡೆ ಹೋಗಿ ಬನ್ನಿ. 45 ಮೀಟರ್ ಅಗಲದ 30 ರೇಡಿಯೋ ಆಂಟೆನಾಗಳು ಅಲ್ಲಿ ಹೊಲಗಳ ನಡುವೆ ಹರಡಿಕೊಂಡಿವೆ. ಆಕಾಶದಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿಯುವ ಇವನ್ನು ನಡೆಸುವುದು ಪುಣೆಯ ಎನ್‌ಸಿಆರ್‌ಎ (ರಾಷ್ಟ್ರೀಯ ರೇಡಿಯೋ ಖಗೋಳಭೌತ ಕೇಂದ್ರ). ಖಗೋಳವಿಜ್ಞಾನವೆಂದರೆ ಭೌತಶಾಸ್ತ್ರ ಓದಿದವರ ಸೊತ್ತು ಎಂದುಕೊಳ್ಳಬೇಡಿ. ಎಲೆಕ್ಟ್ರಾನಿಕ್ಸ್ ಬಲ್ಲವರಿಲ್ಲದೆ ಆ ಆಂಟೆನಾಗಳು ಬರೀ ತಂತಿಬಲೆ. ಬಿ.ಇ. ಆದವರೂ ಎನ್‌ಸಿಆರ್‌ಎಯಲ್ಲಿ ಪಿಎಚ್‌ಡಿಗೆ ಪ್ರಯತ್ನಿಸಬಹುದು. ಫೆಲೋಶಿಪ್ ಕೂಡ ಸಿಗುತ್ತದೆ (ಮನೆಯಲ್ಲಿ ಮೊದಲು ಇದನ್ನೇ ಹೇಳಿ!). ಬಿಎಸ್ಸಿಯವರಿಗೆ ಪುಣೆಯದೇ ಪಾಷಾಣ್ ಬಡಾವಣೆಯ ಐಸರ್ (ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ)ನಲ್ಲಿ ಇಂಟಿಗ್ರೇಟೆಡ್ ಪಿಎಚ್‌ಡಿ ಇದೆ. ಅದರ ಪ್ರವೇಶಕ್ಕೆ ಬರೆಯುವ ಜಾಮ್ (JAM) ಪರೀಕ್ಷೆ ನಡೆಯುವುದು ಫೆಬ್ರವರಿಯಲ್ಲಿ. ಅರ್ಜಿ ಹಿಂದಿನ ಸೆಪ್ಟೆಂಬರಿನ ಹೊತ್ತಿಗೇ ಶುರು. ಕೊನೆಯ ಸೆಮಿಸ್ಟರ್ ಮುಗಿಯಲೆಂದು ಕಾಯಬೇಡಿ.